ಹಂಡೆ ಕದ್ದವರು ಯಾರು ಅಂತ ಊರಿಗೆಲ್ಲ ಗೊತ್ತಿತ್ತು

ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಇಡೀ ಆಯುಷ್ಯ ಮೌಂಟ್ ಆಲ್ಬರ್ಟಿನಲ್ಲೇ ಕಳೆದವರು. ನಮ್ಮ ರಸ್ತೆಯಲ್ಲಿ ಯಾರ ಮನೆ ಕಸದ ಡಬ್ಬ ಯಾವತ್ತು ಹೊರಗೆ ಬಂತು, ಯಾರ ಕಾರು ರಾತ್ರಿ ಎಷ್ಟು ಹೊತ್ತಿಗೆ ಬಂತು, ಯಾರ ಮನೆ ಹುಡುಗ ಶಾಲೆಗೆ ಚಕ್ಕರ್ ಹಾಕಿದ, ಎಲ್ಲಾ ಅವರಿಗೆ ಗೊತ್ತು. ಏಪ್ರಿಲ್ ಬಂತು ಅಂದ್ರೆ ಬೇಲಿ ಮೇಲಿಂದ ಒಂದು ಚೀಲ ಫೀಜೋವಾ ಹಣ್ಣು ಬರುತ್ತೆ. (ಸೀಬೆಹಣ್ಣಿನ ದಾಯಾದಿ ಅಂದ್ಕೊಳ್ಳಿ. ಇಲ್ಲಿ ಇದನ್ನು ದುಡ್ಡು ಕೊಟ್ಟು ತರೋರು ಕಮ್ಮಿ, ಬೇಲಿ ಮೇಲಿಂದ ಬರೋದೇ ಜಾಸ್ತಿ.) ಒಂದು ಸಲ ಹಣ್ಣಿನ ಜೊತೆ ಒಂದು ಪುಸ್ತಕವೂ ಬಂತು. "ಓದು, ಕೊಲೆ ಇದೆ, ಆದ್ರೆ ರಕ್ತ ಇಲ್ಲ" ಅಂದ್ರು.

ಪುಸ್ತಕದ ಹೆಸರು 'ದಿ ಬುಕ್‌ಶಾಪ್ ಡಿಟೆಕ್ಟಿವ್ಸ್: ಡೆಡ್ ಗರ್ಲ್ ಗಾನ್'. 2024ರಲ್ಲಿ ಬಂದದ್ದು. ಬರೆದವರು ಗ್ಯಾರೆತ್ ವಾರ್ಡ್ ಮತ್ತು ಲೂಯಿಸ್ ವಾರ್ಡ್ ಅನ್ನೋ ದಂಪತಿ. ಇಬ್ಬರೂ ಇಂಗ್ಲೆಂಡಿನಲ್ಲಿ ಪೊಲೀಸ್ ಕೆಲಸದಲ್ಲಿದ್ದು, ನ್ಯೂಜಿಲೆಂಡಿಗೆ ಬಂದು ಹಾಕ್ಸ್ ಬೇಯ ಹ್ಯಾವ್‌ಲಾಕ್ ನಾರ್ತ್ ಅನ್ನೋ ಸಣ್ಣ ಊರಲ್ಲಿ ಪುಸ್ತಕದಂಗಡಿ ಇಟ್ಟವರು. ಕಾದಂಬರಿಯಲ್ಲೂ ಅಷ್ಟೇ: ಗಾರ್ತ್ ಮತ್ತು ಎಲೋಯಿಸ್ ಅನ್ನೋ ಮಾಜಿ ಪೊಲೀಸ್ ದಂಪತಿ, ಅದೇ ಊರು, 'ಶೆರ್ಲಾಕ್ ಟೋಮ್ಸ್' ಅನ್ನೋ ಪುಸ್ತಕದಂಗಡಿ, ಸ್ಟೀವಿ ಅನ್ನೋ ನಾಯಿ. ಒಂದು ದಿನ ಅಂಗಡಿಗೆ ಒಂದು ವಿಚಿತ್ರ ಪಾರ್ಸೆಲ್ ಬರುತ್ತೆ, ಎಷ್ಟೋ ವರ್ಷದ ಹಿಂದೆ ಕಾಣೆಯಾದ ಶಾಲಾ ಹುಡುಗಿಯ ವಿಷಯ ಮತ್ತೆ ಮೇಲೇಳುತ್ತೆ. ಮುಂದಿನದ್ದು ಹೇಳೋದಿಲ್ಲ, ಪತ್ತೇದಾರಿ ಕಥೆಯ ಕೊನೆ ಹೇಳೋದು ಪಾಪದ ಕೆಲಸ. ಮುಂದಿನ ಭಾಗವೂ 2025ರಲ್ಲಿ ಬಂತು, ಹೆಸರು 'ಟೀ ಅಂಡ್ ಕೇಕ್ ಅಂಡ್ ಡೆತ್'. ಹೆಸರಲ್ಲೇ ಇಡೀ ಪ್ರಕಾರದ ಲಕ್ಷಣ ಇದೆ ನೋಡಿ!

ಇಂಥ ಕಾದಂಬರಿಗಳಿಗೆ ಇಂಗ್ಲಿಷಿನವರು 'ಕೋಜಿ ಮಿಸ್ಟರಿ' ಅಂತಾರೆ. ಕಂಬಳಿ ಹೊದ್ದು, ಪಕ್ಕದಲ್ಲಿ ಬಿಸಿ ಕಾಫಿ ಇಟ್ಕೊಂಡು ಓದೋ ಕೊಲೆ. ನಿಯಮಗಳು ಸುಲಭ. ಊರು ಚಿಕ್ಕದಿರಬೇಕು. ಎಲ್ಲರಿಗೂ ಎಲ್ಲರ ಪರಿಚಯ ಇರಬೇಕು. ಪತ್ತೆ ಮಾಡೋರು ಪೊಲೀಸರಾಗಿರಬಾರದು. ಬೇಕರಿಯವರೋ, ಪುಸ್ತಕದಂಗಡಿಯವರೋ, ಮದುವೆಯಾಗದ ಮುದುಕಿಯೋ ಆಗಿರಬೇಕು. ಸತ್ತವನ ಹೆಣ ನಮಗೆ ಜಾಸ್ತಿ ಕಾಣಿಸಬಾರದು, ಸತ್ತವನು ಅಂಥಾ ಒಳ್ಳೆಯವನೂ ಆಗಿರಬಾರದು. ಕೊನೇಲಿ ಎಲ್ಲರೂ ಒಂದು ಕಡೆ ಸೇರಬೇಕು, ಸತ್ಯ ಬಾಯಿಬಿಟ್ಟು ಹೇಳಬೇಕು. ಆಮೇಲೆ ಮತ್ತೆ ಚಹಾ.

ಓದಿ ಮುಗಿಸಿದ ರಾತ್ರಿ ನನ್ನ ತಲೆಗೆ ಬಂದದ್ದು ಒಂದೇ ಪ್ರಶ್ನೆ. ಇಷ್ಟು ಚಿಕ್ಕ ಊರುಗಳು, ಇಷ್ಟೊಂದು ಜಗಲಿಗಳು, ಇಷ್ಟೊಂದು 'ಊರ ಉಸಾಬರಿ' ಇರೋ ನಮ್ಮ ಕನ್ನಡದಲ್ಲಿ ಇಂಥ ಕಾದಂಬರಿ ಯಾಕೆ ಬೆಳೀಲಿಲ್ಲ?

*

ನಮ್ಮಲ್ಲಿ ಪತ್ತೇದಾರಿ ಕಾದಂಬರಿಗೆ ಬರ ಇತ್ತು ಅಂತ ಯಾರೂ ಹೇಳೋ ಹಾಗಿಲ್ಲ. ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಓದಿದ್ದ ಎನ್. ನರಸಿಂಹಯ್ಯ (1925-2011) ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಅವರ 'ಪತ್ತೇದಾರ ಪುರುಷೋತ್ತಮ'ನನ್ನು ಬಾಡಿಗೆ ಲೈಬ್ರರಿಯಿಂದ ತಂದು, ಪಠ್ಯಪುಸ್ತಕದ ಒಳಗಿಟ್ಟು ಓದಿದ ಒಂದಿಡೀ ತಲೆಮಾರು ಇದೆ. ಕನ್ನಡಕ್ಕೆ ಹಳದಿ-ಕೆಂಪು ಬಾವುಟ ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿ ಬರೆದವರೇ. ಆಮೇಲೆ ಟಿ.ಕೆ. ರಾಮರಾವ್. ಆದರೆ ಪುರುಷೋತ್ತಮ ಹೊರಗಿನಿಂದ ಬರ್ತಾನೆ. ಊರಿಗೆ ಬಂದು, ಪತ್ತೆ ಮಾಡಿ, ಹೋಗ್ತಾನೆ. ಊರಿನ ಒಳಗೇ ಕೂತು, ಮಜ್ಜಿಗೆ ಕಡೀತಾ ಎಲ್ಲಾ ತಿಳ್ಕೊಂಡ ಹೆಂಗಸು ನಮ್ಮ ಕಥೆಗಳಲ್ಲಿ ಪತ್ತೇದಾರಳಾದದ್ದು ನನಗಂತೂ ನೆನಪಿಲ್ಲ. ಅವಳು ಬಂದರೆ ನಗಿಸೋಕೆ ಬರ್ತಾಳೆ, ಇಲ್ಲಾ ಮನೆ ಮುರಿಯೋಕೆ.

ಇಂಗ್ಲಿಷಿನವರು ಅವಳನ್ನು 1930ರಲ್ಲೇ ಕಾದಂಬರಿಯ ನಾಯಕಿ ಮಾಡಿಬಿಟ್ಟರು. ಅಗಾಥಾ ಕ್ರಿಸ್ಟಿಯ 'ದಿ ಮರ್ಡರ್ ಅಟ್ ದಿ ವಿಕರೇಜ್' ಮಿಸ್ ಮಾರ್ಪಲ್‌ಳ ಮೊದಲ ಕಾದಂಬರಿ. ಮಾರ್ಪಲ್‌ಳ ವಿಧಾನ ಏನು? ಬೂದಿ ಪರೀಕ್ಷೆ ಇಲ್ಲ, ಭೂತಗನ್ನಡಿ ಇಲ್ಲ. ಎದುರಿಗೆ ಬಂದ ಪ್ರತಿಯೊಬ್ಬ ಅಪರಿಚಿತನೂ ಅವಳಿಗೆ ತನ್ನ ಸೇಂಟ್ ಮೇರಿ ಮೀಡ್ ಹಳ್ಳಿಯ ಯಾರನ್ನೋ ನೆನಪಿಸ್ತಾನೆ. ಆ ಯಾರೋ ಹಿಂದೆ ಒಂದು ಸಣ್ಣ ಮೋಸ ಮಾಡಿದ್ದ, ಇವನೂ ಹಾಗೇ ಇರಬಹುದು... ಅಷ್ಟೇ ತರ್ಕ. ನಮ್ಮ ಅಜ್ಜಿಯಂದಿರು "ಇವನ ಅಪ್ಪನೂ ಹೀಗೇ" ಅಂತಿದ್ದರಲ್ಲ, ಥೇಟ್ ಅದೇ.

ಈ ನ್ಯೂಜಿಲೆಂಡಿನದೇ ದೊಡ್ಡ ಪತ್ತೇದಾರಿ ಲೇಖಕಿ ಕ್ರೈಸ್ಟ್‌ಚರ್ಚಿನ ನಾಯೊ ಮಾರ್ಷ್ (1895-1982). ಮೂವತ್ತೆರಡು ಕಾದಂಬರಿ. ಅವರು ಇದಕ್ಕೆ ಉಲ್ಟಾ. 1939ರ 'ಓವರ್ಚರ್ ಟು ಡೆತ್'ನಲ್ಲಿ ಒಂದು ಇಂಗ್ಲಿಷ್ ಹಳ್ಳಿ, ಹವ್ಯಾಸಿ ನಾಟಕ, ಊರಿನವರ ಮೇಲೆಲ್ಲ ಕಣ್ಣಿಟ್ಟ ಇಬ್ಬರು ಅವಿವಾಹಿತ ಹೆಂಗಸರು. ಪಿಯಾನೋದ ಪೆಡಲ್ ಒತ್ತಿದರೆ ಗುಂಡು ಹಾರೋ ಹಾಗೆ ಪಿಸ್ತೂಲು ಕಟ್ಟಿರ್ತಾರೆ. ಕ್ರಿಸ್ಟಿಯ ಮುದುಕಿಗೆ ಊರಿನ ಗಾಸಿಪ್ಪು ಔಷಧಿ. ಮಾರ್ಷ್ ಕೈಯಲ್ಲಿ ಅದೇ ಗಾಸಿಪ್ಪು ವಿಷ. ಎರಡೂ ನಿಜ ಅಂತ ಚಿಕ್ಕ ಊರಲ್ಲಿ ಬೆಳೆದ ಯಾರಾದ್ರೂ ಹೇಳ್ತಾರೆ.

ಮೌಂಟ್ ಆಲ್ಬರ್ಟ್ ಕೂಡ ಒಂದು ಕಾಲಕ್ಕೆ ಅಂಥ ಚಿಕ್ಕ ಊರೇ. ಈಗ ಆಕ್ಲೆಂಡಿನ ಒಂದು ಬಡಾವಣೆ, ಆದರೆ 1989ರವರೆಗೆ ಇದಕ್ಕೆ ಇದರದೇ ಪುರಸಭೆ, ಇದರದೇ ಮೇಯರ್ ಇದ್ದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮೇಯರ್ ಆಗಿದ್ದವರು ಫ್ರಾಂಕ್ ರಯಾನ್. ಅವರ ಮಗಳು ಲೂಸಿ ಲಾಲೆಸ್. ನಮ್ಮಲ್ಲಿ ಕೆಲವರಿಗೆ ಟೀವಿಯ 'ಜೀನಾ' ನೆನಪಿರಬಹುದು, ಅವರೇ. ತಮಾಷೆ ಅಂದ್ರೆ 2019ರಲ್ಲಿ ಅವರು 'ಮೈ ಲೈಫ್ ಈಸ್ ಮರ್ಡರ್' ಅನ್ನೋ ಧಾರಾವಾಹಿಯಲ್ಲಿ ಬ್ರೆಡ್ ಬೇಯಿಸುತ್ತಾ ಕೊಲೆ ಪತ್ತೆ ಮಾಡೋ ಮಾಜಿ ಪೊಲೀಸ್ ಆದರು. ಮೊದಲು ಮೆಲ್ಬರ್ನ್, 2021ರ ಎರಡನೇ ಸರಣಿಯಿಂದ ಆಕ್ಲೆಂಡ್. "ಮೇಯರ್ ಮಗಳು ತಾನೇ, ಊರಿನ ವಿಷಯ ಗೊತ್ತಿಲ್ದೆ ಇರುತ್ತಾ" ಅಂತ ನಮ್ಮ ಅಜ್ಜಿಯ ತೀರ್ಪು.

*

ಹಾಗಂತ ಕನ್ನಡದ ಕೋಜಿ ಇಲ್ಲವೇ ಇಲ್ಲ ಅಂತಲ್ಲ. ಒಂದಿದೆ, ಇಂಗ್ಲಿಷಿನಲ್ಲಿದೆ! ಬೆಂಗಳೂರಿನ ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ 2022ರಲ್ಲಿ ಬರೆದ 'ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್'. ಕಾಲ 1921. ನಾಯಕಿ ಕಾವೇರಿ, ಡಾಕ್ಟರ್ ರಾಮು ಮೂರ್ತಿಯ ಹೊಸ ಹೆಂಡತಿ, ಗಣಿತ ಅಂದ್ರೆ ಪ್ರಾಣ. ಸೆಂಚುರಿ ಕ್ಲಬ್ಬಿನಲ್ಲಿ ಪಾರ್ಟಿ, ತೋಟದಲ್ಲಿ ನೆರಳು, ಸ್ವಲ್ಪ ಹೊತ್ತಿಗೆ ಹೆಣ. ಪುಸ್ತಕದ ಕೊನೆಗೆ ಅಡುಗೆಯ ರೆಸಿಪಿಗಳು ಬೇರೆ. ಆಮೇಲೆ ಸರಣಿಯೇ ಬಂತು. ಓದುವಾಗ ನನಗೆ ಕಾವೇರಿ ಒಳಗೊಳಗೇ ಕನ್ನಡದಲ್ಲೇ ಯೋಚಿಸ್ತಿದ್ದಾಳೆ, ಹೇಳುವಾಗ ಮಾತ್ರ ಇಂಗ್ಲಿಷಿಗೆ ಬದಲಾಯಿಸ್ತಿದ್ದಾಳೆ ಅನ್ನಿಸ್ತಿತ್ತು.

ಆ ಪುಸ್ತಕದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ರೆಸಿಪಿ ಅಲ್ಲ. ಕಾವೇರಿ ಪತ್ತೆಗೆ ಇಳಿಯೋದು ಕುತೂಹಲಕ್ಕೆ ಮಾತ್ರ ಅಲ್ಲ. ಕೊಲೆಯ ಜೊತೆ ಒಬ್ಬ ನಿಸ್ಸಹಾಯಕ ಹೆಂಗಸಿನ ಹೆಸರು ಸೇರಿಕೊಳ್ಳುತ್ತೆ, ಅವಳನ್ನು ಉಳಿಸೋಕೆ ಅಂತ ಇಳೀತಾಳೆ. ಒಳ್ಳೆಯ ಕೋಜಿಗಳಲ್ಲೆಲ್ಲ ಇದು ಇದೆ. ಊರು ಮೊದಲು ಬೆರಳು ತೋರಿಸೋದು ಮನೆಗೆಲಸದವಳ ಕಡೆ, ಹೊಸದಾಗಿ ಬಂದವನ ಕಡೆ, ಹಣವಿಲ್ಲದವನ ಕಡೆ. ಕೊನೆಯ ಅಧ್ಯಾಯದಲ್ಲಿ ಆ ಬೆರಳು ತಿರುಗಿ ಊರಿನ ಮರ್ಯಾದಸ್ಥರ ಕಡೆ ಹೋಗುತ್ತೆ, ಎಲ್ಲರ ಎದುರಿಗೆ.

ಇನ್ನು ಕನ್ನಡದ ಅತ್ಯುತ್ತಮ ಹಳ್ಳಿ-ರಹಸ್ಯ ಅಂದ್ರೆ ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ' (1985). ಕೆಸರೂರು ಅನ್ನೋ ಮಲೆನಾಡಿನ ಊರು, ಏಲಕ್ಕಿ ವಿಜ್ಞಾನಿ ಜೋಗಿಹಾಳರ ಸಾವು, ಪತ್ತೆಗೆ ಬಂದ ಅಂಗಡಿ. ಶುರುವಾಗೋದು ಪತ್ತೇದಾರಿಯಾಗಿ. ಆದರೆ ಮುಗಿಯೋದು ಬೆಂಕಿಯಲ್ಲಿ. ಯಾರೂ ಎಲ್ಲರನ್ನೂ ಚಾವಡಿಯಲ್ಲಿ ಕೂರಿಸಿ ಸತ್ಯ ಹೇಳೋದಿಲ್ಲ. ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂದಿತ್ತು, ಇದೆಂಥಾ ಮುಕ್ತಾಯ ಅಂತ. ಈಗ ಅನ್ನಿಸ್ತದೆ, ತೇಜಸ್ವಿಯವರಿಗೆ ನಮ್ಮೂರುಗಳು ಚೆನ್ನಾಗಿ ಗೊತ್ತಿದ್ದವು.

ಯಾಕೆ ಹೀಗಂತೀನಿ ಅಂದ್ರೆ, ನಮ್ಮ ಮನೆಯ ಹಂಡೆಯ ಕಥೆ ಹೇಳಬೇಕು.

*

ನಾನಾಗ ಐದನೇ ಕ್ಲಾಸು. ಮಲೆನಾಡಿನ ಒಂದು ಊರು, ಹೆಸರು ಬೇಡ. ದೀಪಾವಳಿಗೆ ನಾಲ್ಕು ದಿನ ಇತ್ತು. ನೀರು ತುಂಬುವ ಹಬ್ಬಕ್ಕೆ ಅಂತ ಅಟ್ಟದ ಮೇಲಿದ್ದ ಹಳೇ ತಾಮ್ರದ ಹಂಡೆ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕೋಣ ಅಂತ ಹಿತ್ತಿಲಲ್ಲಿ ಬೋರಲು ಹಾಕಿದ್ದರು. ಅಜ್ಜನ ಅಜ್ಜನ ಕಾಲದ್ದು, ಇಬ್ಬರು ಮಕ್ಕಳು ಒಳಗೆ ಕೂರಬಹುದಾದಷ್ಟು ದೊಡ್ಡದು. ಬೆಳಿಗ್ಗೆ ನೋಡಿದ್ರೆ ಇಲ್ಲ!

ಆ ವಾರ ನಮ್ಮಲ್ಲಿ ಅಡಿಕೆ ಕೊನೆ ತೆಗೆಯೋಕೆ ಒಬ್ಬ ಕೊನೆಗಾರ ಬರ್ತಿದ್ದ. ಮಳೆಗಾಲದಲ್ಲಿ ಮರಕ್ಕೆ ಔಷಧಿ ಹೊಡೆಯೋನೂ ಅವನೇ. ಮರದಿಂದ ಮರಕ್ಕೆ ಜೀಕುತ್ತಾ ಹೋಗೋದು ನೋಡೋಕೆ ನಾವು ಮಕ್ಕಳು ತೋಟಕ್ಕೆ ಓಡ್ತಿದ್ವಿ, ನಮಗೆಲ್ಲ ಅವನೇ ಹೀರೋ. ಮಧ್ಯಾಹ್ನದ ಹೊತ್ತಿಗೆ ಪೊಲೀಸಿನವರು ಬಂದು ಅವನನ್ನು ಕರ್ಕೊಂಡು ಹೋದರು. ಯಾರು ಅವನ ಹೆಸರು ಹೇಳಿದ್ರು ಅಂತ ಯಾರೂ ಕೇಳಲಿಲ್ಲ. ಅವನ ಹೆಸರು ಹೇಳೋದಕ್ಕೆ ಯಾರೂ ಬೇಕಿರಲಿಲ್ಲ.

ನಮ್ಮೂರ ಮೂಲೆಮನೆಯಲ್ಲಿ ಒಬ್ಬರು ವಿಧವೆ ಅಜ್ಜಿ ಇದ್ರು. ಅವರ ಜಗಲಿಯಿಂದ ಮೂರು ಹಿತ್ತಿಲು ಕಾಣ್ತಿತ್ತು. ಮಾರನೇ ದಿನ ಸಂಜೆ ಹೆಪ್ಪಿಗೆ ಮಜ್ಜಿಗೆ ಕೇಳೋ ನೆಪದಲ್ಲಿ ನಮ್ಮನೆಗೆ ಬಂದ್ರು. ನಾನು ಅಡುಗೆಮನೆ ಬಾಗಿಲ ಹಿಂದೆ ಇದ್ದೆ. ಅವರು ಅಜ್ಜಿಗೆ ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ:

"ಹಂಡೆ ತಳ ಮಸಿ. ಹೊತ್ಕೊಂಡೋನ ಬಟ್ಟೆ ಮಸಿ ಆಗ್ಬೇಕು ತಾನೇ? ಆ ಕೊನೆಗಾರನ ಅಂಗಿ ಮೂರು ದಿನದಿಂದ ಅದೇ, ನಾ ನೋಡಿದೀನಿ, ಅಡಿಕೆ ಕಲೆ ಬಿಟ್ರೆ ಏನಿಲ್ಲ. ನಿಮ್ಮನೆ ಹುಡುಗ ಮಾತ್ರ ನಿನ್ನೆ ಬೆಳಗಾಮುಂಚೆ ಹಳ್ಳದ ಹತ್ರ ಪಂಚೆ ಒಗೀತಿದ್ದ. ಹುಟ್ಟಿದಾಗಿಂದ ಒಂದು ಟವಲ್ಲು ಒಗ್ದೋನಲ್ಲ, ಅವ್ನಿಗೆ ಏನು ಬಂತು?"

'ನಿಮ್ಮನೆ ಹುಡುಗ' ಅಂದ್ರೆ ನನ್ನ ಚಿಕ್ಕಪ್ಪ. ಇಸ್ಪೀಟಿನ ಸಾಲ ಇದೆ ಅಂತ ಮನೆಯಲ್ಲಿ ಪಿಸುಮಾತು ಇತ್ತು. ಶೆರ್ಲಾಕ್ ಹೋಮ್ಸ್ ಬಂದಿದ್ರೂ ಇದಕ್ಕಿಂತ ಚೆನ್ನಾಗಿ ಹೇಳ್ತಿರಲಿಲ್ಲ. ಓದೋಕೆ ಬರೆಯೋಕೆ ಬಾರದ ಮುದುಕಿ, ಒಂದು ಮಸಿ ಮತ್ತು ಒಂದು ಒದ್ದೆ ಪಂಚೆಯಿಂದ ಇಡೀ ಕೇಸು ಬಿಡಿಸಿಬಿಟ್ಟಿದ್ರು.

ಇಂಗ್ಲಿಷ್ ಕಾದಂಬರಿಯಾಗಿದ್ರೆ ಮುಂದಿನ ಅಧ್ಯಾಯದಲ್ಲಿ ಎಲ್ಲರೂ ಚಾವಡಿಗೆ ಬರ್ತಿದ್ರು. ಅಜ್ಜ, ಚಿಕ್ಕಪ್ಪ, ಪೊಲೀಸಿನವರು, ಕೊನೆಗಾರ. ಮೂಲೆಮನೆ ಅಜ್ಜಿ ನಿಧಾನಕ್ಕೆ ಎಲೆ-ಅಡಿಕೆ ಹಾಕ್ಕೊಳ್ತಾ ಶುರು ಮಾಡ್ತಿದ್ರು...

ನಮ್ಮಲ್ಲಿ ಏನಾಯ್ತು ಗೊತ್ತಾ? ಅಜ್ಜಿ ಅಜ್ಜನಿಗೆ ಹೇಳಿದ್ರು. ಅಜ್ಜ ಚಿಕ್ಕಪ್ಪನನ್ನು ಕರೆದು ಬಾಗಿಲು ಹಾಕ್ಕೊಂಡ್ರು. ರಾತ್ರಿ ಪೇಟೆಯ ಗುಜರಿಯವನಿಂದ ಹಂಡೆ ವಾಪಸ್ ಬಂತು. ಬೆಳಿಗ್ಗೆ "ಯಾರೋ ತಂದಿಟ್ಟು ಹೋಗಿದಾರೆ" ಅಂತ ಸುದ್ದಿ. ಅಜ್ಜ ಸ್ಟೇಷನ್ನಿಗೆ ಹೋಗಿ "ಹಂಡೆ ಸಿಕ್ತು, ಅವನನ್ನ ಬಿಟ್ಬಿಡಿ" ಅಂದ್ರು. ಅಷ್ಟೇ. ಯಾರು ಕದ್ದದ್ದು ಅಂತ ಅಜ್ಜ ಹೇಳಲಿಲ್ಲ, ಅವರೂ ಕೇಳಲಿಲ್ಲ. ಎರಡು ರಾತ್ರಿ ಒಳಗಿದ್ದ ಕೊನೆಗಾರ ಕುಂಟುತ್ತಾ ಮನೆಗೆ ಹೋದ. ಹಬ್ಬದ ದಿನ ಅದೇ ಹಂಡೆಗೆ ಹಿಂಡ್ಲೆ ಬಳ್ಳಿ ಕಟ್ಟಿ, ನೀರು ತುಂಬಿ, ಪೂಜೆ ಮಾಡಿ, ನಾವೆಲ್ಲ ಎಣ್ಣೆ ಸ್ನಾನ ಮಾಡಿದ್ವಿ. ನೀರು ಚೆನ್ನಾಗಿ ಕಾದಿತ್ತು.

ಒಂದು ವಾರದಲ್ಲಿ ಊರಿಗೆಲ್ಲ ಗೊತ್ತಾಯ್ತು. ಆದರೆ ಒಬ್ಬರೂ ಬಾಯಿಬಿಟ್ಟು ಆಡಲಿಲ್ಲ. ಕೊನೆಗಾರ ಮತ್ತೆ ನಮ್ಮ ತೋಟಕ್ಕೆ ಬರಲಿಲ್ಲ. "ಅವನಿಗೆ ಸೊಕ್ಕು" ಅಂದ್ರು ನಮ್ಮನೆಯವರು.

ಆಮೇಲೆ ಒಂದು ದಿನ ಮೂಲೆಮನೆ ಅಜ್ಜಿಯನ್ನೇ ನಾನು ಕೇಳಿದ್ದೆ, "ನೀವು ಪೊಲೀಸಿನವರಿಗೆ ಯಾಕೆ ಹೇಳಲಿಲ್ಲ?" ಅಂತ. ಅವರು ನನ್ನ ಮುಖ ನೋಡಿ, "ನಾಳೆ ನಂಗೆ ಹೆಪ್ಪು ಯಾರು ಕೊಡ್ತಾರೆ ಮಗಾ?" ಅಂದ್ರು.

ಆ ಮಾತಿನ ತೂಕ ನನಗೆ ಅರ್ಥ ಆಗೋಕೆ ಮೂವತ್ತು ವರ್ಷ ಬೇಕಾಯ್ತು. ಗಂಡ ಇಲ್ಲ, ಮಕ್ಕಳಿಲ್ಲ. ನಾಲ್ಕು ಮನೆಯ ದಯೆಯಲ್ಲಿ ದಿನ ತಳ್ಳೋ ಹೆಂಗಸು. ಮಿಸ್ ಮಾರ್ಪಲ್‌ಗೂ ಗಂಡ-ಮಕ್ಕಳಿರಲಿಲ್ಲ. ಆದರೆ ಅವಳಿಗೆ ಸ್ವಂತ ಮನೆ ಇತ್ತು, ದುಡ್ಡು ಕಳಿಸೋ ಸೋದರಳಿಯ ಇದ್ದ, ಸ್ಕಾಟ್ಲೆಂಡ್ ಯಾರ್ಡಿನಲ್ಲಿ ಅವಳ ಮಾತು ಕೇಳೋ ದೊಡ್ಡ ಅಧಿಕಾರಿ ಇದ್ದ. ಸತ್ಯ ಹೇಳಿದ ಮಾರನೇ ದಿನವೂ ಅವಳ ಚಹಾಕ್ಕೆ ಹಾಲು ಬರ್ತಿತ್ತು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ನಮ್ಮೂರುಗಳಲ್ಲಿ ಪತ್ತೇದಾರರಿಗೆ ಯಾವತ್ತೂ ಬರ ಇರಲಿಲ್ಲ. ಬರ ಇದ್ದದ್ದು ಕೊನೆಯ ಅಧ್ಯಾಯಕ್ಕೆ. 'ಯಾರು ಮಾಡಿದ್ದು' ಅನ್ನೋದು ನಮಗೆ ರಹಸ್ಯವೇ ಅಲ್ಲ. 'ಯಾರು ಹೇಳ್ತಾರೆ' ಅನ್ನೋದೇ ರಹಸ್ಯ.

*

ಕೋಜಿ ಕಾದಂಬರಿಗಳನ್ನು ಹಗುರ ಅಂತ ತಳ್ಳಿಹಾಕೋ ಸ್ನೇಹಿತರು ನನಗಿದ್ದಾರೆ. ಅವರ ವಾದ ಗೊತ್ತು: ಸಾವನ್ನು ಒಗಟು ಮಾಡ್ತಾರೆ, ಕೊಲೆಯಾದ ಮೇಲೂ ಊರು ಮುದ್ದಾಗಿಯೇ ಇರುತ್ತೆ. ಅಮೆರಿಕಾದ 'ಮರ್ಡರ್ ಶಿ ರೋಟ್' ಧಾರಾವಾಹಿ 1984ರಿಂದ 1996ರವರೆಗೆ 264 ಕಂತು ಓಡಿತು. ಕ್ಯಾಬಟ್ ಕೋವ್ ಅನ್ನೋ ಒಂದು ಪುಟ್ಟ ಊರಲ್ಲಿ ಆದ ಕೊಲೆಗಳ ಲೆಕ್ಕ ಹಾಕಿದ್ರೆ ಅಲ್ಲಿ ಇನ್ನೂ ಜನ ಉಳಿದದ್ದೇ ಪವಾಡ! ಸುಳ್ಳು ಅಂತ ನಾನೂ ಒಪ್ತೀನಿ. ಆದರೆ ಅಷ್ಟು ಸುಳ್ಳುಗಳ ನಡುವೆ ಒಂದು ಆಸೆ ಇದೆ: ತಿಳಿದವರು ಎದ್ದು ನಿಂತು ಹೇಳ್ತಾರೆ, ತಪ್ಪು ಹೊರಿಸಿಕೊಂಡವನು ಅಲ್ಲೇ ಕೂತು ಕೇಳಿಸ್ಕೊಳ್ತಾನೆ. ಹಂಡೆ ವಾಪಸ್ ಬಂದರೆ ಸಾಲದು, ಹೆಸರೂ ವಾಪಸ್ ಬರಬೇಕು. ಈ ಆಸೆ ಹಗುರವಾದದ್ದು ಅಂತ ನನಗನ್ನಿಸೋದಿಲ್ಲ.

ಇದನ್ನೆಲ್ಲ ದೂರದಲ್ಲಿ ಕೂತು ಊರಿನ ಮೇಲೆ ಹೊರಿಸೋದು ಸುಲಭ. ಅದಕ್ಕೇ ಇದೂ ಹೇಳಿಬಿಡ್ತೀನಿ.

2023ರಲ್ಲಿ ಆಕ್ಲೆಂಡಿನಲ್ಲಿ ನಾವು ಕೆಲವು ಮನೆಯವರು ಆಗಾಗ ಹೋಗ್ತಿದ್ದ ಒಂದು ಹೋಟೆಲ್ ಇತ್ತು. ಅಡುಗೆಮನೆಯಲ್ಲಿ ನಮ್ಮ ಕಡೆಯ ಒಬ್ಬ ಹುಡುಗ. ಅವನ ವೀಸಾ ಮಾಲೀಕರ ಹೆಸರಿಗೆ ಅಂಟಿಕೊಂಡದ್ದು. ಆಗ ಇಲ್ಲಿ ಗಂಟೆಗೆ ಕನಿಷ್ಠ ಕೂಲಿ 22 ಡಾಲರ್ 70 ಸೆಂಟ್. ಅವನ ಖಾತೆಗೆ ಅಷ್ಟೇ ಬೀಳ್ತಿತ್ತು, ಆಮೇಲೆ ಅದರಲ್ಲಿ ಒಂದು ಪಾಲು ನಗದಾಗಿ ವಾಪಸ್ ಕೊಡ್ಬೇಕಿತ್ತು. ಇದು ಅವನೇ ಹೇಳಿದ್ದಲ್ಲ. ತಿಂಗಳ ಕೊನೆಗೆ ಅವನು ಏಟಿಎಂ ಮುಂದೆ ನಿಂತಿರೋದು, ಹೊಸ ಚಪ್ಪಲಿಗೂ ದುಡ್ಡಿಲ್ಲದ್ದು, ಊರಿಗೆ ಫೋನ್ ಮಾಡಿದಾಗ ಹೇಳೋ ಸುಳ್ಳು... ಇವುಗಳಿಂದ ನಾವೇ ತಿಳ್ಕೊಂಡದ್ದು. ಎಂಥಾ ಪತ್ತೇದಾರರು ನೋಡಿ ನಾವು! ಇಂಥವರು ಹಳೇ ಮಾಲೀಕರನ್ನು ಬಿಟ್ಟು ಬೇರೆ ಕೆಲಸ ಹುಡುಕಿಕೊಳ್ಳಲಿ ಅಂತ 2021ರಲ್ಲೇ ಸರ್ಕಾರ ಒಂದು ಪ್ರತ್ಯೇಕ ವೀಸಾ ತಂದಿತ್ತು. ಅದೂ ನಮ್ಮಲ್ಲಿ ಒಂದಿಬ್ಬರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

ಯಾರೂ ಅವನಿಗೆ ಹೇಳಲಿಲ್ಲ. ಮಾಲೀಕರು ಪರಿಚಯದವರು, ಹಬ್ಬಕ್ಕೆ ಕರೀತಿದ್ರು, ನಮ್ಮ ಕಾರ್ಯಕ್ರಮಕ್ಕೆ ಕಡಿಮೆ ರೇಟಿಗೆ ಊಟ ಕೊಡ್ತಿದ್ರು. ಮೂಲೆಮನೆ ಅಜ್ಜಿಗೆ ಹೆಪ್ಪಿನ ಭಯ ಇತ್ತು ಅಂದ್ರೆ ಒಪ್ಪಬಹುದು. ನನಗೆ ಯಾವುದರ ಭಯ ಇತ್ತು? ಸ್ವಂತ ಮನೆ, ಒಳ್ಳೆ ಕೆಲಸ, ಪಾಸ್‌ಪೋರ್ಟು ಎಲ್ಲಾ ಇತ್ತಲ್ಲ! ಒಂದು ದಿನ ಆ ಹುಡುಗ ಅಲ್ಲಿರಲಿಲ್ಲ. ಊರಿಗೆ ಹೋದ ಅಂದ್ರು. ನಾವು ದೋಸೆ ತಿಂದು ಬಂದ್ವಿ.

ಮೊನ್ನೆ ಪುಸ್ತಕ ವಾಪಸ್ ಕೊಡೋಕೆ ಬೇಲಿ ಹತ್ರ ಹೋದೆ. ಅಜ್ಜಿ ಕೇಳಿದ್ರು, "ಯಾರು ಮಾಡಿದ್ದು ಅಂತ ಮೊದಲೇ ಗೊತ್ತಾಯ್ತಾ?" ಗೊತ್ತಾಗಿತ್ತು ಅಂದೆ. "ಹಾಗಾದ್ರೆ ಕೊನೆವರೆಗೂ ಯಾಕೆ ಓದಿದೆ?" ಅಂದ್ರು.

ಯಾರಾದ್ರೂ ಬಾಯಿಬಿಟ್ಟು ಹೇಳ್ತಾರಾ ಅಂತ ನೋಡೋಕೆ, ಅಂದೆ. ಅವರಿಗೆ ಅರ್ಥ ಆಯ್ತೋ ಇಲ್ವೋ, ಇನ್ನೊಂದು ಚೀಲ ಫೀಜೋವಾ ಕೊಟ್ರು.

ಕನ್ನಡದಲ್ಲಿ ಯಾರಾದ್ರೂ ಇಂಥ ಕಾದಂಬರಿ ಬರೀರಪ್ಪ. ಜಗಲಿ ಇರಲಿ, ಹೆಪ್ಪು ಇರಲಿ, ಒಬ್ಬ ಮೂಲೆಮನೆ ಅಜ್ಜಿ ಇರಲಿ. ಕೊನೆಯ ಅಧ್ಯಾಯದಲ್ಲಿ ಕೊನೆಗಾರನಿಗೂ ಚಾವಡಿಯಲ್ಲಿ ಒಂದು ಕುರ್ಚಿ ಹಾಕಿ. ಅವನು ಕೂತ್ಕೊಳ್ಳಲಿ, ಕೇಳಿಸ್ಕೊಳ್ಳಲಿ. ನಿಮ್ಮೂರಲ್ಲೂ ಒಂದು ಹಂಡೆ ಕಳುವಾಗಿರಬೇಕಲ್ಲ? ಕದ್ದವರು ಯಾರು ಅಂತ ನಿಮಗೂ ಗೊತ್ತಿರಬೇಕಲ್ಲ?